ಕಿನ್ನರದ ಮನೆಗೆ ಎಂತಹ ಕಂಪ್ಯೂಟರ್ ಬೇಕು?

ಕಾಳಿ ನದಿಯ ದಂಡೆಯ ಕಿನ್ನರ, ಕಡವಾಡದ ಕಡೆಯಿಂದ ಕಾರವಾರಕ್ಕೆ, ಅವರ್ಸಾ, ಹಾರವಾಡ, ಬೆಲೇಕೇರಿಯ ಕಡೆಯಿಂದ ಅಂಕೋಲೆಗೆ ಓಡಾಡುವ ಪದವಿ ವಿದ್ಯಾರ್ಥಿಗಳ ಕೈಯಲ್ಲಿ ಸ್ಮಾರ್ಟ್‌ಫೋನ್ ಕಾಣದ ದಿನವಿಲ್ಲ. ಆದರೆ ಮನೆಯಲ್ಲಿ ಕಂಪ್ಯೂಟರ್ ಉಂಟೇ ಎಂದು ಕೇಳಿದರೆ ಉತ್ತರ ಬೇರೆಯೇ ಆಗುತ್ತದೆ. ದೇಶದ ಗ್ರಾಮೀಣ ಭಾಗದ 14ರಿಂದ 18 ವರ್ಷದವರನ್ನು ಕುರಿತ 2023ರ ‘ಅಸರ್’ ಶೈಕ್ಷಣಿಕ ಸಮೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಕಂಡುಬಂದಿತ್ತು. ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಇದ್ದ ಮನೆಗಳು ಶೇ 9 ಮಾತ್ರ. ಕರ್ನಾಟಕದಿಂದ ಆ ಸಮೀಕ್ಷೆಗೆ ಸೇರಿದ್ದು ಮೈಸೂರು ಜಿಲ್ಲೆ, ಉತ್ತರ ಕನ್ನಡವಲ್ಲ. ಆದರೂ ಅದರ ಇನ್ನೊಂದು ಅಂಶ ನಮ್ಮ ಜಿಲ್ಲೆಗೂ ಸಲ್ಲುವಂಥದ್ದು: ಮನೆಯಲ್ಲಿ ಕಂಪ್ಯೂಟರ್ ಇದ್ದವರಲ್ಲಿ ಶೇ 85ರಷ್ಟು ಮಂದಿಗೆ ಅದನ್ನು ಬಳಸಲು ಬರುತ್ತಿತ್ತು, ಇಲ್ಲದವರಲ್ಲಿ ಮೂರನೇ ಒಂದು ಭಾಗಕ್ಕಷ್ಟೇ. ಅನುಕೂಲಸ್ಥರ ಮನೆಯಲ್ಲೇ ಕಂಪ್ಯೂಟರ್ ಇರುವುದರಿಂದ ಈ ಅಂತರದ ಒಂದು ಪಾಲು ಹಣದ್ದೂ ಇರಬಹುದು. ಹಾಗಿದ್ದರೂ ವಾರಕ್ಕೆ ಒಂದೆರಡು ತಾಸು ಪ್ರಯೋಗಾಲಯದಲ್ಲಿ ಮೌಸ್ ಹಿಡಿಸಿ ಕಂಪ್ಯೂಟರ್ ಕಲಿಸುತ್ತೇವೆ ಎಂಬ ನಂಬಿಕೆಗೆ ಈ ಅಂಕಿಗಳ ಮುಂದೆ ನಿಲ್ಲುವ ಬಲವಿಲ್ಲ. ಯಂತ್ರ ಮನೆಯಲ್ಲಿರಬೇಕು. ಕಾರವಾರ, ಅಂಕೋಲೆಯ ಹವೆ, ದಾರಿ ಮತ್ತು ವಿದ್ಯುತ್ತಿನ ಸ್ಥಿತಿಗೆ ಅದು ಹಗುರವಾದ, ಬ್ಯಾಟರಿ ಬಾಳಿಕೆಯ, ಊರಲ್ಲೇ ರಿಪೇರಿಯಾಗುವ ಪುಟ್ಟ ಲ್ಯಾಪ್‌ಟಾಪ್ ಆಗಿರಬೇಕು ಎಂಬುದು ನನ್ನ ವಾದ.

ಫೋನ್ ಸಾಲದೇ ಎಂಬ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳೋಣ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುವ ಇಲ್ಲಿನ ವಿದ್ಯಾರ್ಥಿಯ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ತಂತ್ರಾಂಶಕ್ಕೆ ಹೋಗಿವೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಪ್ರಮಾಣಪತ್ರಗಳಿಗೆ ಸೇವಾ ಸಿಂಧು, ವೃತ್ತಿಶಿಕ್ಷಣದ ಸೀಟಿಗೆ ಪರೀಕ್ಷಾ ಪ್ರಾಧಿಕಾರದ ಜಾಲತಾಣ. ಇವುಗಳ ಪುಟಗಳು ಫೋನಿನಲ್ಲೂ ತೆರೆದುಕೊಳ್ಳುತ್ತವೆ, ನಿಜ. ಆದರೆ ಅಂಕಪಟ್ಟಿಯ ಫೋಟೊ ತೆಗೆದು, ಅದನ್ನು ಪಿಡಿಎಫ್ ಮಾಡಿ, ಕೇಳಿದ ಗಾತ್ರಕ್ಕೆ ಕುಗ್ಗಿಸಿ, ಇನ್ನೊಂದು ಪುಟದಲ್ಲಿರುವ ನೋಂದಣಿ ಸಂಖ್ಯೆಯನ್ನು ನೋಡಿಕೊಂಡು ಈ ಪುಟದಲ್ಲಿ ತುಂಬುವಷ್ಟರಲ್ಲಿ ಮೊದಲ ಪುಟದ ಅವಧಿ ಮುಗಿದಿರುತ್ತದೆ. ಸೀಟಿನ ಆಯ್ಕೆಗಳನ್ನು ನಮೂದಿಸುವುದಂತೂ ನೂರಾರು ಕಾಲೇಜುಗಳ ಪಟ್ಟಿಯನ್ನು ಹಿಂದೆ ಮುಂದೆ ಮಾಡಿ ಯೋಚಿಸಬೇಕಾದ ಕೆಲಸ. ಹೀಗಾಗಿ ಫೋನ್ ಇದ್ದವರೂ ಕೊನೆಗೆ ಸೈಬರ್ ಕೇಂದ್ರದ ಮುಂದೆ ಸರದಿ ನಿಲ್ಲುತ್ತಾರೆ, ಪಾಸ್‌ವರ್ಡ್ ಸಮೇತ ತಮ್ಮ ದಾಖಲೆಗಳನ್ನು ಅಪರಿಚಿತರ ಕೈಗಿಡುತ್ತಾರೆ. ಆಯ್ಕೆಯ ಕ್ರಮದಲ್ಲಿ ಒಂದು ತಪ್ಪು ಬಿದ್ದರೆ ಅದರ ಫಲ ಉಣ್ಣುವವರು ವಿದ್ಯಾರ್ಥಿಯೇ ಹೊರತು ತುಂಬಿಕೊಟ್ಟವರಲ್ಲ.

ಅರ್ಜಿಗಿಂತ ದೊಡ್ಡ ಸಂಗತಿ ಬರವಣಿಗೆಯದು. ಪ್ರಾಜೆಕ್ಟ್ ವರದಿ, ಸೆಮಿನಾರ್ ಪ್ರಬಂಧ, ಲೆಕ್ಕದ ಕೋಷ್ಟಕ, ಕೆಲಸಕ್ಕಾಗಿ ಕಳಿಸುವ ಸ್ವವಿವರ ಇವೆಲ್ಲ ಬರೆದು, ಅಳಿಸಿ, ಮೇಲಿನದನ್ನು ಕೆಳಗಿಟ್ಟು ಮಾಡುವ ಕೆಲಸಗಳು. ಕೋಡಿಬಾಗದ ಸಮುದ್ರ ಜೀವವಿಜ್ಞಾನ ವಿಭಾಗದ ವಿದ್ಯಾರ್ಥಿ ದಡದಲ್ಲಿ ಕಲೆಹಾಕಿದ ಮಾಹಿತಿಯನ್ನು ಬೆರಳಗಲದ ಪರದೆಯಲ್ಲಿ ಕೋಷ್ಟಕ ಮಾಡುವುದು ಹೇಗೆ? ಕನ್ನಡದ ಟೈಪಿಂಗ್ ಅಂತೂ ಕೀಲಿಮಣೆಯಲ್ಲೇ ಅರಳುವಂಥದ್ದು. ಕೆ.ಪಿ. ರಾವ್ ರೂಪಿಸಿಕೊಟ್ಟ ವಿನ್ಯಾಸ ಮುಂದೆ ನುಡಿ, ಬರಹದಂಥ ತಂತ್ರಾಂಶಗಳ ಮೂಲಕ ಮನೆಮಾತಾಯಿತು. ಅದರಲ್ಲಿ ‘ಕ್ಷ’ ಬೇಕೆಂದರೆ ಕೆ, ಎಫ್, ಎಕ್ಸ್ ಎಂದು ಮೂರು ಕೀಲಿ ಒತ್ತಿದರೆ ಸಾಕು. ನಡುವಿನ ಎಫ್ ಕೀಲಿಯೇ ಒತ್ತಕ್ಷರದ ಕೀಲಿಕೈ. ಅದು ಎಡಗೈ ತೋರುಬೆರಳು ಸಹಜವಾಗಿ ಕೂರುವ ಜಾಗದಲ್ಲೇ ಇದೆ. ಇದು ಕೈಗೆ ಹತ್ತಿದವರು ನೋಡದೆ ಬರೆಯುತ್ತಾರೆ. ಹತ್ತು ಬೆರಳೂ ದುಡಿಯುತ್ತವೆ. ದಿನಕರ ದೇಸಾಯಿಯವರ ‘ಜನಸೇವಕ’ ವಾರಪತ್ರಿಕೆಯನ್ನು ಓದಿದ, ಅಂಕೋಲೆಯ ಅಂಬಾರಕೊಡ್ಲದಂಥ ಹಳ್ಳಿಯಲ್ಲಿ ಕೂತು ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನವನ್ನು ನಡೆಸಿದ ಸೀಮೆಯಿದು. ಬರೆಯುವ, ಅಚ್ಚು ಹಾಕುವ ಕೆಲಸ ನಗರದವರದು ಎಂದು ಈ ತಾಲ್ಲೂಕು ಎಂದೂ ಭಾವಿಸಿದ್ದಿಲ್ಲ. ಈ ಸೀಮೆಯ ಹೊಸ ತಲೆಮಾರಿನ ಕೈಗೆ ಮೇಲೆ ಕೆಳಗೆ ಸರಿಸುವ ಗಾಜಿನ ಹಲಗೆಯನ್ನಷ್ಟೇ ಕೊಟ್ಟು, ಬರೆಯುವ ಯಂತ್ರವನ್ನು ದೂರವಿಡುವುದು ನನಗೆ ಒಪ್ಪಿತವಿಲ್ಲ. ಧ್ವನಿಯಿಂದ ಬರೆಸುವ ತಂತ್ರ ಈಗ ಚೆನ್ನಾಗಿದೆ ಎನ್ನುವವರಿದ್ದಾರೆ. ಸಂದೇಶಕ್ಕೆ ಅದು ಸಾಕು. ನಾಲ್ಕು ಪುಟದ ವಾದವನ್ನು ತಿದ್ದುವಾಗ ಅದರ ನೆರವು ಬೇಗ ಮುಗಿಯುತ್ತದೆ. ಅಲ್ಲದೆ ಹಾಲಕ್ಕಿ ಸಮುದಾಯದ ಮನೆಯ ಕನ್ನಡವನ್ನೋ ಇಲ್ಲಿನ ಕೊಂಕಣಿಯನ್ನೋ ಪುಸ್ತಕದ ಕನ್ನಡ ಕಲಿತ ಆ ಯಂತ್ರಗಳು ಕೇಳಿದಂತೆ ದಾಖಲಿಸುತ್ತವೆಂದು ನೆಚ್ಚುವಂತಿಲ್ಲ.

ಕಂಪ್ಯೂಟರ್ ಬೇಕೆಂದಾದರೆ ಮೇಜಿನ ಮೇಲಿನದೇ ಅಗ್ಗವಲ್ಲವೇ ಎನ್ನಬಹುದು. ಅದೇ ಬೆಲೆಗೆ ಹೆಚ್ಚು ಶಕ್ತಿ, ದೊಡ್ಡ ಪರದೆ ಸಿಗುವುದೂ ಹೌದು. ಆದರೆ ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕತ್ತಲೆಯ ಅವಧಿಯನ್ನು ಯಾರೂ ಹೇಳಲಾರರು. ಪರೀಕ್ಷೆಯ ಅರ್ಜಿಯ ಕೊನೆಯ ದಿನ ಅದಕ್ಕಾಗಿ ಕಾಯುವುದಿಲ್ಲ. ಮೇಜಿನ ಕಂಪ್ಯೂಟರ್ ಪರದೆ ಸಮೇತ ನೂರು ವಾಟ್ ಆಸುಪಾಸು ಕೇಳುತ್ತದೆ, ಅದರ ಯುಪಿಎಸ್ ಸಾಮಾನ್ಯವಾಗಿ ಕಡತ ಉಳಿಸಿ ಮುಚ್ಚುವಷ್ಟು ಹೊತ್ತು ಕೊಡುತ್ತದೆ. ಫ್ಯಾನ್ ಇಲ್ಲದ ಪುಟ್ಟ ಲ್ಯಾಪ್‌ಟಾಪ್ ಬರವಣಿಗೆಯ ಕೆಲಸಕ್ಕೆ ಆರೇಳು ವಾಟ್‌ನಲ್ಲಿ ನಡೆಯುತ್ತದೆ. 45–50 ವಾಟ್-ಅವರ್ ಬ್ಯಾಟರಿ ಇದ್ದರೆ ಬೆಳಗಿನಿಂದ ಮಧ್ಯಾಹ್ನ ದಾಟುತ್ತದೆ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವಂಥದ್ದಾದರೆ ಮನೆಯ ಇನ್ವರ್ಟರ್‌ಗೂ ಅದು ಭಾರವಲ್ಲ. ಇನ್ನು ನೆರೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ದಾಖಲೆಯ ಚೀಲದ ಜೊತೆ ಎತ್ತಿಕೊಂಡು ಹೊರಡಬಹುದಾದ ಕಂಪ್ಯೂಟರ್ ಮಾತ್ರ ಮನೆಯ ಕಂಪ್ಯೂಟರಾಗಿ ಉಳಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ದಾರಿಯೇ ಕಡಿದುಹೋಗುವ ಇಂಥ ಮಳೆಗಾಲದಲ್ಲಿ ಕಾಲೇಜಿನ ಪ್ರಯೋಗಾಲಯವನ್ನೇ ನೆಚ್ಚಿಕೊಂಡವರ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಲ್ಯಾಪ್‌ಟಾಪ್ ಎಂದೊಡನೆ ನಮ್ಮ ಅಂಗಡಿಗಳು ತೋರಿಸುವುದು 15.6 ಇಂಚಿನದನ್ನು. ಚಾರ್ಜರಿನ ಇಟ್ಟಿಗೆ ಸೇರಿ ತೂಕ ಎರಡು ಕಿಲೊ ದಾಟುತ್ತದೆ. ತುಂಬಿದ ಬಸ್ಸಿನಲ್ಲಿ ಕೊಡೆ, ಬುತ್ತಿ, ಪುಸ್ತಕಗಳ ನಡುವೆ ಅದನ್ನು ದಿನವೂ ಹೊರುವವರು ಕಡಿಮೆ. ಕೆಲವೇ ದಿನಗಳಲ್ಲಿ ಅದು ಮನೆಯ ಕಪಾಟು ಸೇರಿ, ಸೌಲಭ್ಯವಿಲ್ಲದ ಮೇಜಿನ ಕಂಪ್ಯೂಟರಾಗಿಬಿಡುತ್ತದೆ. ಹನ್ನೊಂದರಿಂದ ಹದಿಮೂರು ಇಂಚಿನ, ಒಂದೂಕಾಲು ಕಿಲೊದೊಳಗಿನ ಯಂತ್ರ ಗ್ರಂಥಾಲಯಕ್ಕೂ ಬರುತ್ತದೆ, ರೈಲಿಗಾಗಿ ಕಾಯುವ ಶಿರವಾಡದ ನಿಲ್ದಾಣಕ್ಕೂ ಬರುತ್ತದೆ. ಪರದೆ ಚಿಕ್ಕದಾದರೆ ಕಣ್ಣಿಗೆ ತ್ರಾಸು ಎಂಬ ದೂರನ್ನು ನಾನು ಒಪ್ಪುತ್ತೇನೆ. ತಾಸುಗಟ್ಟಲೆ ಕೆಲಸವಿದ್ದರೆ ಮನೆಯಲ್ಲಿ ಒಂದು ಹಳೆಯ ಮಾನಿಟರ್ ಜೋಡಿಸಿಕೊಳ್ಳಬಹುದು. ಭಾರದ ಯಂತ್ರಕ್ಕೆ ಅಂಥ ಮದ್ದಿಲ್ಲ.

ಸಣ್ಣ ಯಂತ್ರದ ಕನಸು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎಂಕೋರ್ ಕಂಪನಿಯ ತಂತ್ರಜ್ಞರೂ ಕೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಹಳ್ಳಿಯವರು ಹಂಚಿಕೊಂಡು ಬಳಸುವ, ಭಾರತೀಯ ಭಾಷೆಯಲ್ಲಿ ಓದಿ ಹೇಳುವ ಅಂಗೈ ಕಂಪ್ಯೂಟರ್ ಅವರ ಸಿಂಪ್ಯೂಟರ್. 2004ರಲ್ಲಿ ಮಾರುಕಟ್ಟೆಗೂ ಬಂತು. ಮಾರಾಟವಾದದ್ದು ಕೆಲವೇ ಸಾವಿರ. ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವ ಸರ್ಕಾರ ಹಿಂದೆ ನಿಲ್ಲಲಿಲ್ಲ, ಸಂಖ್ಯೆ ಏರದೆ ಬೆಲೆ ಇಳಿಯಲಿಲ್ಲ. ಜೊತೆಗೆ ಅದಕ್ಕೆ ಕೀಲಿಮಣೆ ಇರಲಿಲ್ಲ. ಕಡ್ಡಿಯಿಂದ ಪರದೆ ತಟ್ಟಬೇಕಿತ್ತು. 2007ರಲ್ಲಿ ತೈವಾನಿನ ಏಸಸ್ ಕಂಪನಿ ಒಂದು ಕಿಲೊದೊಳಗಿನ, ಏಳು ಇಂಚಿನ, ಲಿನಕ್ಸ್ ಹಾಕಿದ ಈ-ಪಿಸಿ ತಂದಾಗ ಜಗತ್ತು ನೆಟ್‌ಬುಕ್‌ಗಳಿಗೆ ಮುಗಿಬಿತ್ತು. ಆಮೇಲೆ ಟ್ಯಾಬ್ಲೆಟ್‌ಗಳ ಅಲೆ ಎದ್ದು ಅವು ಮರೆಗೆ ಸರಿದವು. ಇದೇ ಹಾದಿಯನ್ನು ನಮ್ಮ ಸರ್ಕಾರವೂ ತುಳಿಯಿತು. 2020ರ ಆರಂಭದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮೊದಲ ವರ್ಷದ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿತು. ಮರುವರ್ಷ, ಕೋವಿಡ್‌ನ ನಡುವೆ, ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಗೆ ಸೇರಿ ಒಂದೂವರೆ ಲಕ್ಷದಷ್ಟು ಟ್ಯಾಬ್ಲೆಟ್ ಕೊಟ್ಟಿತು. ಪಾಠ ಕೇಳಲು ಟ್ಯಾಬ್ಲೆಟ್ ಒದಗಿತು, ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಬರೆಯುವ ಉಪಕರಣದಿಂದ ನೋಡುವ ಉಪಕರಣಕ್ಕೆ ನಾವು ಇಳಿದೆವು, ಮತ್ತು ಆ ಇಳಿತದ ಬಗ್ಗೆ ಎಲ್ಲಿಯೂ ಗಂಭೀರ ಚರ್ಚೆಯಾಗಲಿಲ್ಲ ಎಂಬುದು ನನ್ನ ಖೇದ.

ನನ್ನ ವಾದಕ್ಕೆ ಎದುರಾಗುವ ಅತ್ಯಂತ ಬಲವಾದ ಆಕ್ಷೇಪ ಗುಣಮಟ್ಟದ್ದು. ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳು ಎರಡೇ ವರ್ಷದಲ್ಲಿ ಕಸವಾಗುತ್ತವೆ ಎನ್ನುವವರ ಮಾತಿನಲ್ಲಿ ಹುರುಳಿದೆ. 2023ರಲ್ಲಿ ಬಂದ ಜಿಯೊಬುಕ್ 11.6 ಇಂಚಿನದು, 990 ಗ್ರಾಂ, ಆಗಿನ ಬೆಲೆ 16,499 ರೂಪಾಯಿ. ತೂಕ, ಬೆಲೆ ಎರಡೂ ನಾನು ಕೇಳುವಂಥವೇ. ಆದರೆ ಅಂಥವುಗಳಲ್ಲಿ ರ್‍ಯಾಮ್ 4 ಜಿಬಿ, ಸಂಗ್ರಹ 64 ಜಿಬಿ, ಎರಡೂ ಮದರ್‌ಬೋರ್ಡಿಗೆ ಬೆಸುಗೆಯಾಗಿರುತ್ತವೆ. ನಾಲ್ಕಾರು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತವೆ, ಬಿಚ್ಚಿ ಹೆಚ್ಚಿಸೋಣವೆಂದರೆ ಜಾಗವಿಲ್ಲ. ಕರಾವಳಿಯ ಗಾಳಿ ಬೇರೆ ಸುಮ್ಮನಿರುವುದಿಲ್ಲ. ಚಾರ್ಜಿಂಗ್ ತೂತಿನೊಳಗೆ ಬೆಳಕು ಬಿಟ್ಟು ನೋಡಿದರೆ ಲೋಹದ ಹಲ್ಲುಗಳ ಬುಡದಲ್ಲಿ ಹಸಿರು ಕಿಲುಬು ಕಾಣುತ್ತದೆ. ಉಪ್ಪು ತೇವ ತಾಮ್ರವನ್ನು ತಿಂದ ಗುರುತು ಅದು. ಮೊದಲು ವೈರನ್ನು ಓರೆ ಹಿಡಿದರಷ್ಟೇ ಚಾರ್ಜ್ ಆಗುತ್ತದೆ, ಆಮೇಲೆ ಅದೂ ಇಲ್ಲ. ಆ ತೂತು ಪ್ರತ್ಯೇಕ ಚಿಕ್ಕ ಬೋರ್ಡಿನ ಮೇಲಿದ್ದರೆ ಕಡಿಮೆ ಖರ್ಚಿನಲ್ಲಿ ಬದಲಾಗುತ್ತದೆ, ಮುಖ್ಯ ಬೋರ್ಡಿಗೇ ಬೆಸೆದಿದ್ದರೆ ಹಲವರು ಯಂತ್ರವನ್ನೇ ಎಸೆಯುತ್ತಾರೆ. ಕೊಳ್ಳುವ ದಿನ ಯಾರೂ ಕೇಳದ ಪ್ರಶ್ನೆ ಇದು.

ಈ ಆಕ್ಷೇಪ ಅಗ್ಗದ ಯಂತ್ರಗಳ ರಚನೆಗೆ ಸಲ್ಲುತ್ತದೆ, ಚಿಕ್ಕ ಗಾತ್ರಕ್ಕಲ್ಲ. ಕಂಪನಿಗಳು ಸಿಬ್ಬಂದಿಗೆ ಕೊಟ್ಟು ಮೂರು ನಾಲ್ಕು ವರ್ಷಕ್ಕೆ ಬದಲಾಯಿಸುವ 12–13 ಇಂಚಿನ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ನವೀಕರಣಗೊಂಡು ಹೊಸದರ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳಲ್ಲಿ ಹಲವು ಮಾದರಿಗಳ ಅಡಿಯ ಮುಚ್ಚಳ ಕೆಲವೇ ತಿರುಪುಗಳಿಗೆ ಬಿಚ್ಚುತ್ತದೆ. ಬ್ಯಾಟರಿ, ಎಸ್‌ಎಸ್‌ಡಿ, ಕೀಲಿಮಣೆ ಬದಲಾಗುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಕೊನೆಗೊಂಡು, ವಿಂಡೋಸ್ 11ರ ಷರತ್ತಿಗೆ ಹೊಂದದ ಎಷ್ಟೋ ಗಟ್ಟಿ ಯಂತ್ರಗಳು ಮೂಲೆಗೆ ಬಿದ್ದಿವೆ. 8 ಜಿಬಿ ರ್‍ಯಾಮ್ ಇದ್ದು ಲಿನಕ್ಸ್ ಹಾಕಿದರೆ ಅವು ಇನ್ನೂ ನಾಲ್ಕೈದು ವರ್ಷ ಬರವಣಿಗೆ, ಬ್ರೌಸಿಂಗ್, ಲೆಕ್ಕದ ಕೆಲಸವನ್ನು ನಿಭಾಯಿಸುತ್ತವೆ. ಯೂನಿಕೋಡ್ ಕನ್ನಡ, ಲಿಬ್ರೆಆಫೀಸ್ ಎರಡೂ ಅದರಲ್ಲಿ ಸಲೀಸು. ನಿಜವಾದ ಅಡಚಣೆ ಕೈ ಹಿಡಿಯುವವರದು: ನಮ್ಮ ಊರುಗಳಲ್ಲಿ ಫೋನಿನ ಪರದೆ ಬದಲಿಸುವ ಅಂಗಡಿ ಬೀದಿಗೊಂದಿದೆ, ಲ್ಯಾಪ್‌ಟಾಪ್ ಬೋರ್ಡಿಗೆ ಕೈ ಹಾಕುವವರು ವಿರಳ. ಕಾರವಾರದ ಐಟಿಐ, ಪಾಲಿಟೆಕ್ನಿಕ್‌ಗಳು ಇದನ್ನು ಪಠ್ಯದ ಭಾಗವಾಗಿ ಎತ್ತಿಕೊಂಡರೆ ಕೊರತೆಯೂ ನೀಗುತ್ತದೆ, ಹುಡುಗರಿಗೆ ಹೊಟ್ಟೆಪಾಡೂ ಆಗುತ್ತದೆ.

ನೆಟ್‌ವರ್ಕೇ ಇಲ್ಲದ ಕಡೆ ಲ್ಯಾಪ್‌ಟಾಪ್ ಕಟ್ಟಿಕೊಂಡು ಏನು ಮಾಡುವುದು ಎಂಬ ಮಾತನ್ನು ಘಟ್ಟದ ತಪ್ಪಲಿನವರು ಆಡುತ್ತಾರೆ. ಸಿಗ್ನಲ್‌ಗಾಗಿ ಗುಡ್ಡ ಹತ್ತಿದ ಕೋವಿಡ್ ಕಾಲದ ಮಕ್ಕಳನ್ನು ಈ ಜಿಲ್ಲೆ ಮರೆತಿಲ್ಲ. ಆದರೆ ಫೋನಿಗಿಂತ ಲ್ಯಾಪ್‌ಟಾಪೇ ಅಂಥಲ್ಲಿ ಹೆಚ್ಚು ಉಪಯೋಗಿ. ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡ ಪಾಠ, ಪುಸ್ತಕ, ನಿಘಂಟು ಅದರೊಳಗೇ ಇರುತ್ತವೆ. ಬರೆಯಲು ಸಂಪರ್ಕ ಬೇಕಿಲ್ಲ. ಮಕ್ಕಳು ಸಿನಿಮಾ ನೋಡಿ ಹಾಳಾಗುತ್ತಾರೆಂಬ ಚಿಂತೆಗೆ ಹೆಚ್ಚು ಹೇಳಬೇಕಿಲ್ಲ. ಆ ಬಾಗಿಲು ಫೋನಿನಲ್ಲಿ ಎಂದೋ ತೆರೆದಿದೆ.

ಹಣದ ಪ್ರಶ್ನೆಗೆ ಬಂದರೆ ಹೊಣೆ ಮನೆಯವರ ಮೇಲಷ್ಟೇ ಹಾಕುವುದು ಅನ್ಯಾಯ. ಲ್ಯಾಪ್‌ಟಾಪ್‌ಗೆ ಶೇ 18 ಜಿಎಸ್‌ಟಿ ಇದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಆಮದಿಗೆ ನಿರ್ಬಂಧ ಹಾಕಹೊರಟು, ಬಳಿಕ ಅನುಮತಿ ವ್ಯವಸ್ಥೆಗೆ ಸಡಿಲಿಸಿತು. ಇಲ್ಲಿ ತಯಾರಾಗಲಿ ಎಂಬ ಉದ್ದೇಶ ಸರಿಯಾದರೂ ವಿದ್ಯಾರ್ಥಿಯ ಯಂತ್ರವನ್ನು ಐಷಾರಾಮದ ಯಂತ್ರದ ಜೊತೆಗೇ ತೂಗುವುದು ಸರಿಯಲ್ಲ. ರಾಜ್ಯದ ಉಚಿತ ವಿತರಣೆಯೂ ಸರ್ಕಾರಿ ಕಾಲೇಜಿನ ಗೇಟಿನ ಬಳಿ ನಿಂತುಬಿಟ್ಟಿತು. ಕೆನರಾ ವೆಲ್‌ಫೇರ್ ಟ್ರಸ್ಟಿನ ಅಂಕೋಲೆಯ ಗೋಖಲೆ ಶತಮಾನೋತ್ಸವ ಕಾಲೇಜಿನಂಥ ಅನುದಾನಿತ ಕಾಲೇಜುಗಳಲ್ಲಿ ಓದುವವರೂ ಅದೇ ಮೀನುಗಾರರ, ರೈತರ, ಕೂಲಿಕಾರರ ಮಕ್ಕಳು. ಖರೀದಿಯ ಟೆಂಡರಿನಲ್ಲಿ ಪ್ರೊಸೆಸರ್, ಪರದೆಯ ಅಳತೆಗಳ ಜೊತೆ ಗರಿಷ್ಠ ತೂಕ, ಕನಿಷ್ಠ ಬ್ಯಾಟರಿ ಅವಧಿ, ಬಿಡಿಭಾಗಗಳ ಲಭ್ಯತೆ, ಯುಎಸ್‌ಬಿ-ಸಿ ಚಾರ್ಜಿಂಗ್ ಕಡ್ಡಾಯವಾಗಲಿ. ಮಾದರಿಗೆ ದೂರ ಹೋಗಬೇಕಿಲ್ಲ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆ ಲ್ಯಾಪ್‌ಟಾಪ್ ಕೊಡುವಾಗ ಐದು ವರ್ಷದ ಖಾತರಿ ಪಡೆದು, ಸ್ವತಂತ್ರ ತಂತ್ರಾಂಶ ಹಾಕಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರ ಐಸಿಟಿ ಪಠ್ಯವನ್ನು ಕನ್ನಡದಲ್ಲೇ ಓದುತ್ತಾರೆ. ಗಡಿಯಾಚೆಯ ಕನ್ನಡದ ಮಗುವಿಗೆ ಸಿಗುವುದು ಕಿನ್ನರದ ಮಗುವಿಗೆ ಸಿಗದಿರಲು ಕಾರಣವಿಲ್ಲ.

ಎಲ್ಲರಿಗೂ ಸ್ವಂತದ್ದು ಸಿಗುವವರೆಗೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿವೆ. ಅಲ್ಲಿನ ಕಂಪ್ಯೂಟರ್ ಮೇಜಿಗೆ ಅಂಟಿಕೊಂಡಿರುವುದರಿಂದ ಕೇಂದ್ರದ ಬಾಗಿಲು ಹಾಕಿದ ಮೇಲೆ ಅದು ಯಾರಿಗೂ ಇಲ್ಲ. ಪ್ರತಿ ಪಂಚಾಯಿತಿಗೆ ನಾಲ್ಕೈದು ನವೀಕರಿಸಿದ ಪುಟ್ಟ ಲ್ಯಾಪ್‌ಟಾಪ್ ಕೊಟ್ಟು, ಪುಸ್ತಕದಂತೆಯೇ ಕಾರ್ಡಿನ ಮೇಲೆ ಎರಡು ವಾರಕ್ಕೆ ಎರವಲು ನೀಡಲಿ. ಪರೀಕ್ಷಾ ಅರ್ಜಿ, ಪ್ರವೇಶದ ತಿಂಗಳುಗಳಲ್ಲಿ ಅವಧಿಯನ್ನು ಒಂದು ವಾರಕ್ಕೆ ಇಳಿಸಿ ಹೆಚ್ಚು ಮನೆಗಳಿಗೆ ಮುಟ್ಟಿಸಲಿ. ಪಂಚಾಯಿತಿಯ ಗ್ರಂಥಾಲಯ ಕರದಲ್ಲಿ ಒಂದು ಪಾಲನ್ನು ರಿಪೇರಿಗೆಂದು ಎತ್ತಿಡುವ ಆದೇಶ ಬಂದರೆ, ಮುಂದಿನ ಮಳೆಗಾಲದ ಮೊದಲೇ ಕಾಳಿ ದಂಡೆಯ ನಾಲ್ಕಾರು ಪಂಚಾಯಿತಿಗಳಲ್ಲಿ ಇದನ್ನು ಶುರುಮಾಡಬಹುದು.