ಸಂತೆಯೂರಿನ ಸುಖ

ಉಡುತಡಿಯವರಿಗೆ ಪೇಟೆಯೆಂದರೆ ಶಿರಾಳಕೊಪ್ಪ, ಕಚೇರಿಯೆಂದರೆ ಶಿಕಾರಿಪುರ. ಬಟ್ಟೆ, ಬೀಜ, ಗೊಬ್ಬರ, ಮಗಳ ಮದುವೆಯ ಸೀರೆ ಇವೆಲ್ಲ ಮೊದಲನೆಯದರ ಪಾಲು. ಪಹಣಿ, ಜಾತಿ ಪ್ರಮಾಣಪತ್ರ, ಕೋರ್ಟಿನ ವಾಯಿದೆ ಎರಡನೆಯದರ ಪಾಲು. ಯಾವ ಊರಿಗೆ ಹೊರಟವರ ಮುಖದಲ್ಲಿ ಹೆಚ್ಚು ಕಳೆ ಇರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಶಿರಾಳಕೊಪ್ಪ ನೋಡಲು ಚೆಂದದ ಊರೇನಲ್ಲ. ಪ್ರವಾಸಿಗರು ಬಳ್ಳಿಗಾವೆಯ ಕೇದಾರೇಶ್ವರನನ್ನೋ ತಾಳಗುಂದದ ಕಂಬವನ್ನೋ ನೋಡಲು ಹೋಗುವಾಗ ಇಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ. ಊರಿನ ರುಚಿ ತಿಳಿಯಬೇಕಾದರೆ ಸಂತೆಯ ದಿನ ಬರಬೇಕು. ಮಲೆನಾಡು ಮುಗಿಯುವ, ಬಯಲುಸೀಮೆ ಶುರುವಾಗುವ ಅಂಚು ಇದು. ಸೊರಬದ ಕಡೆಯಿಂದ ಅಡಿಕೆ, ಶುಂಠಿಯ ಮಾತು ಬರುತ್ತದೆ. ಹಿರೇಕೆರೂರಿನ ಕಡೆಯಿಂದ ಮೆಕ್ಕೆಜೋಳ, ರೊಟ್ಟಿಯ ಮಾತು ಬರುತ್ತದೆ. ಒಂದೇ ತಕ್ಕಡಿಯ ಮುಂದೆ ಮಲೆನಾಡಿನ ಕನ್ನಡ, ಉತ್ತರದ ಕನ್ನಡ, ಉರ್ದು, ತಾಂಡಾಗಳ ಲಂಬಾಣಿ ಎಲ್ಲವೂ ಚೌಕಾಸಿಗೆ ನಿಲ್ಲುತ್ತವೆ. ಯಾರಿಗೂ ದುಭಾಷಿ ಬೇಕಾಗುವುದಿಲ್ಲ. ಬೆಲೆ ಎಲ್ಲರಿಗೂ ಅರ್ಥವಾಗುವ ಭಾಷೆ.

ಇಂಗ್ಲಿಷರಿಗೆ ತಮ್ಮ ಸಂತೆಯೂರುಗಳೆಂದರೆ ಬಲು ಹೆಮ್ಮೆ. ಅಲ್ಲಿ ಒಂದು ಕಾಲಕ್ಕೆ ಸಂತೆ ಕೂಡಿಸಲು ರಾಜನ ಸನ್ನದು ಬೇಕಿತ್ತು. 13ನೆಯ ಶತಮಾನದ ಬ್ರ್ಯಾಕ್ಟನ್ ಎಂಬ ನ್ಯಾಯಶಾಸ್ತ್ರಜ್ಞನ ಹೆಸರಿನಲ್ಲಿ ಒಂದು ಲೆಕ್ಕವೂ ಇದೆ: ಮನುಷ್ಯ ದಿನಕ್ಕೆ 20 ಮೈಲಿ ನಡೆಯಬಲ್ಲ, ಅದರಲ್ಲಿ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ವ್ಯಾಪಾರಕ್ಕೆ, ಉಳಿದದ್ದು ಕತ್ತಲಾಗುವ ಮೊದಲು ಮನೆ ಸೇರುವುದಕ್ಕೆ. ಆದ್ದರಿಂದ ಎರಡು ಸಂತೆಗಳ ನಡುವೆ ಆರೂ ಮುಕ್ಕಾಲು ಮೈಲಿಗೆ ಚೂರು ಕಡಿಮೆ, ಅಂದರೆ ಸುಮಾರು 11 ಕಿಲೋಮೀಟರ್ ಅಂತರವಿರಬೇಕು. ನಮ್ಮಲ್ಲಿ ಈ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ, ಎತ್ತುಗಳೇ ಮಾಡಿದವು. ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ ಇವೆಲ್ಲ ಗಾಡಿ ಕಟ್ಟಿಕೊಂಡು ಹೊರಟವನಿಗೆ ನಿಲುಕುವ ದೂರದಲ್ಲೇ ಬೆಳೆದ ಊರುಗಳು. ಕಾನೂನಿಗಿಂತ ಎತ್ತಿನ ಕಾಲಿಗೆ ಹೆಚ್ಚು ವಿವೇಕವಿರುತ್ತದೆ.

ಬೆಂಗಳೂರಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ, ನಿವೃತ್ತರಾಗಿ ಇಂಥ ಊರಿಗೆ ಮರಳಿದ ಮೇಷ್ಟ್ರೊಬ್ಬರನ್ನು ಕಲ್ಪಿಸಿಕೊಳ್ಳಿ. ಮೊದಲ ದಿನ ಕಿರಾಣಿ ಅಂಗಡಿಗೆ ಹೋಗಿ ಪರ್ಸು ತೆಗೆದರೆ ಅಂಗಡಿಯವನು, ‘ಇರ್ಲಿ ಬಿಡ್ರಿ ಮೇಷ್ಟ್ರೇ, ಬರ್ಕೊಂತೀನಿ. ತಿಂಗಳಿಗೆ ಕೊಟ್ರಾಯ್ತು’ ಅನ್ನುತ್ತಾನೆ. ಉದ್ರಿಯ ಪುಸ್ತಕದಲ್ಲಿ ಹೆಸರು ಬಿದ್ದರೆ ಊರು ಒಪ್ಪಿಕೊಂಡಿತೆಂದೇ ಅರ್ಥ. ಚಪ್ಪಲಿ ಹೊಲಿಸುವುದಕ್ಕೆ, ಕೊಡೆಯ ಕಡ್ಡಿ ಹಾಕಿಸುವುದಕ್ಕೆ, ಕುಕ್ಕರಿನ ಹಿಡಿ ಸರಿಮಾಡಿಸುವುದಕ್ಕೆ ನಡೆದೇ ಹೋಗಬಹುದು. ಹಾಗೆ ನಡೆಯುವಾಗ ಹತ್ತು ಮಂದಿ ‘ಊಟ ಆಯ್ತೇನ್ರಿ?’ ಎಂದು ಕೇಳುತ್ತಾರೆ. ಮಹಾನಗರದಲ್ಲಿ ಎದುರುಮನೆಯವರ ಹೆಸರನ್ನು ಗೇಟಿನ ಫಲಕದಿಂದ ಓದಿ ತಿಳಿದವರಿಗೆ ಇದು ಕಡಿಮೆ ಸುಖವಲ್ಲ.

ಆದರೆ ಅದೇ ಹತ್ತು ಮಂದಿ ಮೇಷ್ಟ್ರ ಮಗಳಿಗೆ ಇನ್ನೂ ಯಾಕೆ ಮದುವೆಯಾಗಿಲ್ಲ ಎಂದೂ ಕೇಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯೊಬ್ಬಳು ಸಹಪಾಠಿಯ ಜತೆ ಎರಡು ಮಾತಾಡಿದರೆ, ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಬಾಡಿಗೆ ಮನೆ ಕೇಳಲು ಹೋದವನಿಗೆ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಉತ್ತರ ಹಿಡಿಸದಿದ್ದರೆ ಮನೆ ಆಗಲೇ ಬೇರೆಯವರಿಗೆ ಹೋಗಿರುತ್ತದೆ. ಸಣ್ಣ ಊರಿನ ಚೆಲುವನ್ನು ಹಾಡುವವರು ಸಾಮಾನ್ಯವಾಗಿ ಈ ಪ್ರಶ್ನೆಗೆ ಸಲೀಸಾಗಿ ಉತ್ತರಿಸಬಲ್ಲವರೇ.

ಈ ನೆಲ ಅದನ್ನು ಹಿಂದೆಯೇ ಕಂಡಿದೆ. ಅಕ್ಕಮಹಾದೇವಿ ಹುಟ್ಟಿದ್ದು ಉಡುತಡಿಯಲ್ಲಿ. ಈಗ ಅಲ್ಲಿ ಅವಳ ಎತ್ತರದ ಪ್ರತಿಮೆಯಿದೆ. 12ನೆಯ ಶತಮಾನದಲ್ಲಿ ಹತ್ತಿರದ ಬಳ್ಳಿಗಾವೆ ಬನವಾಸಿ ನಾಡಿನ ರಾಜಧಾನಿ, ವರ್ತಕರ ದೊಡ್ಡ ಪಟ್ಟಣ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಶಾಸನ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಪುಟಗಳನ್ನು ತಿರುವಿದರೆ ಆ ಊರಿನ ವೈಭವ ತಿಳಿಯುತ್ತದೆ. ಅಕ್ಕನ ಪ್ರಸಿದ್ಧ ವಚನವೊಂದರಲ್ಲಿ ಬೆಟ್ಟ, ಕಡಲತೀರಗಳ ಜತೆಗೆ ಸಂತೆಯ ಗದ್ದಲವೂ ಬರುತ್ತದೆ. ಆ ಗದ್ದಲ ಅವಳ ಕಿವಿಗೆ ಮೊದಲು ಬಿದ್ದದ್ದು ಬಳ್ಳಿಗಾವೆಯ ಬೀದಿಯಲ್ಲೇ ಇದ್ದೀತೆಂದು ಊಹಿಸುವುದಕ್ಕೆ ಯಾವ ಶಾಸನದ ಆಧಾರವೂ ಇಲ್ಲ, ಅಡ್ಡಿಯೂ ಇಲ್ಲ. ಜನರ ಮಾತಿಗೆ ಅಂಜಬಾರದೆಂದು ಹೇಳಿದ ಹೆಣ್ಣುಮಗಳು ಕಡೆಗೆ ಊರನ್ನೇ ಬಿಟ್ಟು ನಡೆದಳು. ಊರು ಅವಳನ್ನು ಮೆಚ್ಚಿಕೊಂಡದ್ದು ಆಮೇಲೆ.

ಬಳ್ಳಿಗಾವೆಯ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಅಲ್ಲಿನ ಕೋಡಿಯ ಮಠದ 1162ರ ಶಾಸನವು ಮಠವನ್ನು ಹೊಗಳುತ್ತ, ಅದು ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನವಿಕ್ಕುವ ಸ್ಥಳ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಳ ಎನ್ನುತ್ತದೆ. ಎಂಟೂವರೆ ಶತಮಾನ ಕಳೆದರೂ ಸಂತೆಯೂರಿನಲ್ಲಿ ಬಾಳಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಇದೇ ಪ್ರಶ್ನೆಯಿಂದ. ಮೇಷ್ಟ್ರಿಗೆ ನಡುರಾತ್ರಿ ಎದೆನೋವು ಬಂದರೆ? ನೆರೆಯವರು ಓಡಿ ಬರುತ್ತಾರೆ, ಯಾರದೋ ಕಾರು ಬರುತ್ತದೆ, ಬಾಡಿಗೆಯ ಮಾತೇ ಎತ್ತುವುದಿಲ್ಲ. ಆದರೆ ಕಾರು ಶಿವಮೊಗ್ಗದತ್ತ ಓಡಬೇಕು. ಶಿಕಾರಿಪುರ ದಾಟಿದ ಮೇಲೂ ಸುಮಾರು 50 ಕಿಲೋಮೀಟರ್ ದಾರಿ. ನೆರೆಯವರ ಪ್ರೀತಿ ಹೃದಯಕ್ಕೆ ಒಳ್ಳೆಯದು ನಿಜ, ಹೃದಯಾಘಾತಕ್ಕೆ ಅದಷ್ಟೇ ಸಾಲದು.

ಹಾಗೆಂದು ಇದು ಅಧಿಕಾರಕ್ಕೆ ದೂರವಾದ ಸೀಮೆಯೂ ಅಲ್ಲ. ಸೊರಬ ತಾಲ್ಲೂಕಿನ ಕುಬಟೂರಿನ ಎಸ್. ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದರು. ಮಂಡ್ಯ ಜಿಲ್ಲೆಯಿಂದ ಬಂದು ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಬಿ.ಎಸ್. ಯಡಿಯೂರಪ್ಪ 2007ರಿಂದ 2019ರೊಳಗೆ ನಾಲ್ಕು ಬಾರಿ ಆ ಪ್ರಮಾಣವಚನ ಸ್ವೀಕರಿಸಿದರು. ಗಿರಣಿಯ ಲೆಕ್ಕ ಬರೆಯುವವನಿಗೆ ತಾಲ್ಲೂಕಿನ ಅಷ್ಟೂ ರೈತರ ಪರಿಚಯವಾಗುವುದು ಸಂತೆಯೂರಿನಲ್ಲಿ ಮಾತ್ರ ಸಾಧ್ಯ.

ಈಗ ರೈಲಿನ ಮಾತು. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗಕ್ಕೆ 2023ರ ಫೆಬ್ರವರಿಯಲ್ಲಿ, ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನವೇ ಶಂಕುಸ್ಥಾಪನೆಯಾಯಿತು. ರೈಲು ಬಂದರೆ ಮಕ್ಕಳು ಊರಿಗೆ ಬರುವುದು ಸುಲಭವಾಗುತ್ತದೆಂದು ಹಿರಿಯರ ಆಸೆ. ಊರು ಬಿಡುವುದು ಸುಲಭವಾಗುತ್ತದೆಂದು ಕಿರಿಯರ ಆಸೆ. ಇಬ್ಬರೂ ಒಂದೇ ಹಳಿಗಾಗಿ ಕಾಯುತ್ತಿದ್ದಾರೆ. ಅತ್ತ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಭತ್ತ ಬೆಳೆದವನು ತನ್ನ ಅಕ್ಕಿ ತಿಂದು ಮಿಕ್ಕಿದ್ದನ್ನು ಪೇಟೆಗೆ ತರುತ್ತಿದ್ದ; ಅಡಿಕೆ ಬೆಳೆದವನು ಅಕ್ಕಿಯನ್ನೂ ಪೇಟೆಯಿಂದಲೇ ಒಯ್ಯಬೇಕು.

ಸಂತೆ ಸಂಜೆಗೆ ಕರಗುತ್ತದೆ. ಸೊಪ್ಪಿನ ಮುದುಕಿ ಉಳಿದ ಎರಡು ಕಟ್ಟನ್ನು ಮೇಷ್ಟ್ರ ಚೀಲಕ್ಕೆ ತಾನೇ ಹಾಕುತ್ತಾಳೆ. ಚಿಲ್ಲರೆ ಇಲ್ಲವೆಂದರೆ, ಮೊಮ್ಮಗ ಅಂಟಿಸಿಕೊಟ್ಟ ಚೌಕುಳಿ ಚಿತ್ರದ ಕಾರ್ಡನ್ನು ಬುಟ್ಟಿಯೊಳಗಿಂದ ತೆಗೆದು ತೋರಿಸುತ್ತಾಳೆ. ಮೇಷ್ಟ್ರು ಫೋನು ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ‘ಮುಂದ್ಲ ವಾರ ಕೊಡಪ್ಪ, ನೀ ಎಲ್ ಹೋಗ್ತಿ?’ ಎಂದು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಆಕೆ ಬಸ್ಸಿನ ಕಡೆ ಹೊರಡುತ್ತಾಳೆ.