ತಾಕತ್ತಿನ ಗುಳಿಗಿ: ಎಪ್ಪತ್ತು ವರ್ಷದ ಲೆಕ್ಕ

ನಿವೃತ್ತ ಮಾಸ್ತರರು, ಬ್ಯಾಂಕಿನಿಂದ ಪಿಂಚಣಿ ಪಡೆಯುವವರು, ಮಕ್ಕಳನ್ನು ಪುಣೆ, ಬೆಂಗಳೂರು, ಅಮೆರಿಕಕ್ಕೆ ಕಳಿಸಿ ಹಿಂದೆ ಉಳಿದ ತಾಯ್ತಂದೆಯರು. ಇಂಥವರು ಧಾರವಾಡದ ಮಾಳಮಡ್ಡಿಯ ಓಣಿ ಓಣಿಗಳಲ್ಲಿದ್ದಾರೆ. ಇವರ ಗುಳಿಗಿ ಡಬ್ಬಿಯಲ್ಲಿ ಬಿಪಿ, ಶುಗರ್ ಗುಳಿಗಿಗಳ ಜತೆ ಇನ್ನೊಂದು ಜಾತಿಯವು ಸೇರಿಕೊಂಡು ಬಹಳ ಕಾಲವಾಯಿತು. ವಿಟಮಿನ್ ಇ, ಬೀಟಾ ಕ್ಯಾರೋಟಿನ್ ಬೆರೆಸಿದ ‘ಆಂಟಿ-ಆಕ್ಸಿಡೆಂಟ್’, ಅರಿಷಿಣದ ಸತ್ವದ ಕ್ಯಾಪ್ಸೂಲ್, ಮಗ ರಜೆಗೆ ಬಂದಾಗ ಸೂಟ್‌ಕೇಸಿನಲ್ಲಿ ತಂದಿಟ್ಟ ದೊಡ್ಡ ಬಾಟಲಿ. ದವಾಖಾನೆಯಲ್ಲಿ ಕುರ್ಚಿಯಿಂದ ಏಳುವ ಮೊದಲು ಬರುವ ಮಾತೂ ಇದೇ: ‘ಸಾಹೇಬ್ರ, ತಾಕತ್ತಿಗೆ ಒಂದ್ ಗುಳಿಗಿ ಬರದು ಕೊಡ್ರಿ.’ ಈ ನಂಬಿಕೆ ಎಲ್ಲಿಂದ ಬಂತು, ಅದರಿಂದ ನಮ್ಮ ಹಿರಿಯರಿಗೆ ಏನು ದಕ್ಕಿತು ಎಂದು ಒಮ್ಮೆ ತಿರುಗಿ ನೋಡಬೇಕಾಗಿದೆ.

1956ರಲ್ಲಿ ಅಮೆರಿಕದ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ ಮುಪ್ಪಿಗೆ ಒಂದು ಕಾರಣ ಸೂಚಿಸಿದರು. ಉಸಿರಾಡಿದ ಆಮ್ಲಜನಕವನ್ನು ದೇಹ ಬಳಸುವಾಗ ‘ಫ್ರೀ ರ‍್ಯಾಡಿಕಲ್’ ಎಂಬ ಚಂಚಲ ಕಣಗಳು ಹುಟ್ಟುತ್ತವೆ. ಅವು ಜೀವಕೋಶಗಳನ್ನು ದಿನದಿನವೂ ಕೆಡಿಸುತ್ತ ಹೋಗುವುದೇ ಮುಪ್ಪು ಎಂದರು. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಎಂದರೆ ಯಾರಿಗೂ ಅರ್ಥವಾಗುವಂಥ ವಿವರಣೆ. ಹಾಗಿದ್ದರೆ ತುಕ್ಕು ತಡೆಯುವ ಗುಳಿಗಿ, ಅಂದರೆ ಆಂಟಿ-ಆಕ್ಸಿಡೆಂಟ್, ಕೊಟ್ಟರಾಯಿತಲ್ಲ? 1970ರಲ್ಲಿ ಲೈನಸ್ ಪೌಲಿಂಗ್ ವಿಟಮಿನ್ ಸಿ ಪರವಾಗಿ ಪುಸ್ತಕ ಬರೆದರು. ಎರಡು ನೊಬೆಲ್ ಪಡೆದವರ ಮಾತನ್ನು ಜಗತ್ತು ನಂಬಿತು. ಹಣ್ಣು, ತರಕಾರಿ ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ ಎಂಬುದೂ ಸಮೀಕ್ಷೆಗಳಲ್ಲಿ ಕಾಣುತ್ತಿತ್ತು. ಆ ಗುಣ ಬೀಟಾ ಕ್ಯಾರೋಟಿನ್‌ದೇ ಇರಬಹುದೇ ಎಂದು 1981ರಲ್ಲಿ ಸಂಶೋಧಕರಾದ ರಿಚರ್ಡ್ ಪೀಟೋ, ರಿಚರ್ಡ್ ಡಾಲ್ ಮತ್ತವರ ಸಂಗಡಿಗರು ಕೇಳಿದರು. ಅವರು ಕೇಳಿದ್ದು ಪ್ರಶ್ನೆ. ವ್ಯಾಪಾರ ಮಾತ್ರ ಉತ್ತರಕ್ಕೆ ಕಾಯಲಿಲ್ಲ.

ಉತ್ತರ ಮೊದಲು ಬಂದದ್ದು 1994ರಲ್ಲಿ, ಫಿನ್ಲೆಂಡಿನಿಂದ. ಸಿಗರೇಟಿನ ಚಟವಿದ್ದ 29,133 ಗಂಡಸರಲ್ಲಿ ಕೆಲವರಿಗೆ ಬೀಟಾ ಕ್ಯಾರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಬರೀ ಹುಸಿ ಗುಳಿಗಿ ಕೊಟ್ಟು ಐದರಿಂದ ಎಂಟು ವರ್ಷ ನೋಡಿದರು. ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಇದೇನೋ ಆಕಸ್ಮಿಕ ಎಂದವರಿದ್ದರು. ಎರಡೇ ವರ್ಷದಲ್ಲಿ ಅಮೆರಿಕದ ಇನ್ನೊಂದು ಪ್ರಯೋಗ ಆ ಮಾತನ್ನು ಮುಗಿಸಿತು. ಅಲ್ಲಿ ಬೀಟಾ ಕ್ಯಾರೋಟಿನ್ ಜತೆ ವಿಟಮಿನ್ ಎ ಪಡೆದ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 28, ಸಾವು ಶೇ 17ರಷ್ಟು ಹೆಚ್ಚು ಕಂಡು, ಪ್ರಯೋಗವನ್ನೇ ಅವಧಿಗೆ ಮೊದಲು ನಿಲ್ಲಿಸಬೇಕಾಯಿತು. ಪ್ರಾಸ್ಟೇಟ್ ಕ್ಯಾನ್ಸರ್ ತಡೆದೀತೆಂಬ ಆಸೆಯಿಂದ 35,000ಕ್ಕೂ ಹೆಚ್ಚು ಗಂಡಸರ ಮೇಲೆ ವಿಟಮಿನ್ ಇ ಪ್ರಯೋಗಿಸಿದರು. 2011ರ ಹೊತ್ತಿಗೆ ಆ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾದದ್ದು ಕಂಡಿತು. 2012ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಸುಮಾರು ಮೂರು ಲಕ್ಷ ಜನ ಪಾಲ್ಗೊಂಡ 78 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದರು. ಆಯುಷ್ಯ ಬೆಳೆದ ಕುರುಹು ಸಿಗಲಿಲ್ಲ. ಬೀಟಾ ಕ್ಯಾರೋಟಿನ್, ವಿಟಮಿನ್ ಇ ಎರಡರಲ್ಲೂ ಸಾವು ತುಸು ಹೆಚ್ಚುವ ಸೂಚನೆಯೇ ಇತ್ತು.

ಹೀಗೇಕೆ ಎಂಬುದು ಕರ್ನಾಟಕ ಕಾಲೇಜಿನ (ಕೆಸಿಡಿ) ಆವರಣದಲ್ಲಿ ಬೆಳಗಿನ ನಡಿಗೆಗೆ ಹೋಗುವವರು ತಿಳಿಯಬೇಕಾದ ಸಂಗತಿ. ಫ್ರೀ ರ‍್ಯಾಡಿಕಲ್‌ಗಳು ದೇಹದ ವೈರಿಗಳಷ್ಟೇ ಅಲ್ಲ, ಆಳುಗಳೂ ಹೌದು. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದು ಇವನ್ನೇ ಹಿಡಿದು. ಬಿರುಸಾಗಿ ನಡೆದಾಗ ಸ್ನಾಯುಗಳಲ್ಲಿ ಇವು ಹುಟ್ಟಿ, ಇನ್ನಷ್ಟು ಗಟ್ಟಿಯಾಗಬೇಕೆಂಬ ಸಂದೇಶವನ್ನು ದೇಹಕ್ಕೆ ಮುಟ್ಟಿಸುತ್ತವೆ. 2009ರಲ್ಲಿ ಜರ್ಮನಿಯ ಸಂಶೋಧಕರು ನಾಲ್ಕು ವಾರ ವ್ಯಾಯಾಮ ಮಾಡಿಸಿದ ತರುಣರಲ್ಲಿ ಅರ್ಧ ಜನಕ್ಕೆ ವಿಟಮಿನ್ ಸಿ ಮತ್ತು ಇ ಕೊಟ್ಟರು. ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಸುಧಾರಿಸಿದ್ದು ಗುಳಿಗಿ ತೆಗೆದುಕೊಳ್ಳದವರಲ್ಲಿ. ನಡಿಗೆಯ ಫಲವನ್ನು ಗುಳಿಗಿ ಕಸಿದುಕೊಳ್ಳಬಹುದು ಎಂಬ ಮಾತು ಸಕ್ಕರೆ ಕಾಯಿಲೆಯವರೇ ತುಂಬಿರುವ ನಮ್ಮ ಊರಿಗೆ ಸಣ್ಣದಲ್ಲ.

ನ್ಯಾಯವಾಗಿ ಹೇಳಬೇಕಾದದ್ದೂ ಇದೆ. ಕಣ್ಣಿನ ಅಕ್ಷಿಪಟಲದ ನಡುಭಾಗ ಸವೆಯುವ ರೋಗ ಮಧ್ಯಮ ಹಂತದಲ್ಲಿದ್ದವರಿಗೆ ಸತು ಮತ್ತು ಆಂಟಿ-ಆಕ್ಸಿಡೆಂಟ್ ಸೇರಿದ ಗೊತ್ತಾದ ಮಿಶ್ರಣ ಉಪಯೋಗವಾಗುತ್ತದೆಂದು 2001ರಲ್ಲೇ ಸಿದ್ಧವಾಯಿತು. ಅದು ಕಣ್ಣಿನ ಡಾಕ್ಟರು ಪರೀಕ್ಷಿಸಿ ಬರೆಯುವ ಔಷಧ. ದಿನವೂ ಮಲ್ಟಿವಿಟಮಿನ್ ತೆಗೆದುಕೊಂಡ ವಯಸ್ಸಾದವರಲ್ಲಿ ನೆನಪು ಕೊಂಚ ಸುಧಾರಿಸಿತೆಂದು 2023ರ ಒಂದು ಪ್ರಯೋಗ ಹೇಳಿತು. ಮರು ವರ್ಷ ಸುಮಾರು ನಾಲ್ಕು ಲಕ್ಷ ಜನರ ದಾಖಲೆ ನೋಡಿದಾಗ ಆಯುಷ್ಯದಲ್ಲಿ ಲಾಭ ಕಾಣಲಿಲ್ಲ. ಕೋವಿಡ್ ಕಾಲದಲ್ಲಿ ವಿಟಮಿನ್ ಸಿ, ಜಿಂಕ್ ಪಟ್ಟಿಗಳಿಗಾಗಿ ಔಷಧ ಅಂಗಡಿಗಳ ಮುಂದೆ ಜನ ನಿಂತದ್ದು ಎಲ್ಲರಿಗೂ ನೆನಪಿದೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವೆರಡೂ ಕಾಯಿಲೆಯ ದಿನಗಳನ್ನು ಇಳಿಸಲಿಲ್ಲ.

ಇಷ್ಟೇ ಆಗಿದ್ದರೆ ಆ ಗುಳಿಗಿ ಬಿಟ್ಟು, ದುಡ್ಡು ಹೋಯಿತೆಂದು ಸುಮ್ಮನಿರಬಹುದಿತ್ತು. ನಮ್ಮನ್ನು ಕಾಡುವುದು ಇನ್ನೊಂದು. ಬೇಡದ ಗುಳಿಗಿ ತುಂಬಿದ ಡಬ್ಬಿಯಲ್ಲಿ ಎಷ್ಟೋ ಸಲ ಬೇಕಾದದ್ದು ಇರುವುದಿಲ್ಲ. ಅದು ಬಿ-12. ಈ ವಿಟಮಿನ್ ಸಸ್ಯಾಹಾರಿಗೆ ಸಿಗುವುದು ಹಾಲು, ಮೊಸರಿನಿಂದ ಮಾತ್ರ. ದಿನದ ಅಗತ್ಯ ತುಂಬಲು ಹೆಚ್ಚುಕಡಿಮೆ ಅರ್ಧ ಲೀಟರ್ ಹಾಲು ಬೇಕು. ಊಟದ ಕೊನೆಗೆ ಒಂದು ಸೌಟು ನೀರು ಮಜ್ಜಿಗೆ, ಎರಡು ಸಲ ಅರ್ಧ ಕಪ್ ಚಹಾ ಸೇರಿಸಿದರೆ ಅದರ ಹತ್ತಿರವೂ ಬರುವುದಿಲ್ಲ. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕುಗ್ಗಿ, ತಿಂದದ್ದರಲ್ಲಿನ ಬಿ-12 ರಕ್ತಕ್ಕೆ ಸೇರುವುದೂ ಕಡಿಮೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್, ದಿನಾ ಬೆಳಿಗ್ಗೆ ನುಂಗುವ ಆ್ಯಸಿಡಿಟಿ ಗುಳಿಗಿ ಅದನ್ನು ಮತ್ತಷ್ಟು ತಗ್ಗಿಸುತ್ತವೆ. ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಪುಣೆಯ ಸುತ್ತ ನಡುವಯಸ್ಸಿನ ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರಿಗೆ ಬಿ-12 ಕೊರತೆ ಇತ್ತು. ಪುಣೆಯ ಅಡಿಗೆಮನೆಗೂ ಮಾಳಮಡ್ಡಿಯದಕ್ಕೂ ಬಹಳ ದೂರವಿಲ್ಲ.

ಈ ಕೊರತೆಯ ಲಕ್ಷಣಗಳನ್ನು ನಮ್ಮ ಮನೆಗಳಲ್ಲಿ ಬೇರೆ ಹೆಸರಿನಿಂದ ಕರೆದು ಬಿಟ್ಟುಬಿಡುತ್ತಾರೆ. ‘ಕಾಲು ಜೋಮು ಹಿಡೀತಾವ’, ‘ರಾತ್ರಿ ಎದ್ರ ತೋಲ ತಪ್ಪತದ’, ‘ಅಜ್ಜಾಗ ಮರವು ಭಾಳ ಆಗೇದ’. ಎಲ್ಲಕ್ಕೂ ಒಂದೇ ಉತ್ತರ, ವಯಸ್ಸಾತು. ಎಲ್ಲರದೂ ಬಿ-12 ಕೊರತೆಯೇ ಅಲ್ಲ ನಿಜ. ಆದರೆ ಅದೇ ಆಗಿದ್ದರೆ ಬೇಗ ಹಿಡಿದಾಗ ವಾಸಿಯಾಗುತ್ತದೆ, ತಡವಾದರೆ ನರ ಪೂರ್ತಿ ಮರಳದಿರಬಹುದು. ಫೋಲಿಕ್ ಆಮ್ಲ ಮಾತ್ರ ಸಾಕಷ್ಟು ಸಿಕ್ಕಿ ಬಿ-12 ಸಿಗದಿದ್ದಾಗ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರದ ಹಾನಿ ನಡೆದೇ ಇರುತ್ತದೆ. ಅದಕ್ಕೇ ಅಂದಾಜಿನ ಗುಳಿಗಿ ಸಾಲದು, ರಕ್ತಪರೀಕ್ಷೆ ಬೇಕು.

ಊಟದ ಮಾತಿಗೆ ಬಂದರೆ, ಮಾಳಮಡ್ಡಿಯ ಅನೇಕ ಮನೆಗಳಲ್ಲಿ ನಾಲ್ಕು ತಿಂಗಳ ಚಾತುರ್ಮಾಸ್ಯ ವ್ರತ ಶ್ರದ್ಧೆಯಿಂದ ನಡೆಯುತ್ತದೆ. ಶಾಕವ್ರತದ ತಿಂಗಳು ಕಾಯಿಪಲ್ಲೆ ಇಲ್ಲ, ದಧಿವ್ರತಕ್ಕೆ ಮೊಸರಿಲ್ಲ, ಕ್ಷೀರವ್ರತಕ್ಕೆ ಹಾಲಿಲ್ಲ, ದ್ವಿದಳವ್ರತಕ್ಕೆ ಬೇಳೆಕಾಳು ಇಲ್ಲ. ನಲವತ್ತರ ದೇಹ ಇದನ್ನು ತಡೆದುಕೊಳ್ಳುತ್ತದೆ. ಎಪ್ಪತ್ತೈದರಲ್ಲಿ ಒಂದು ತಿಂಗಳು ಬೇಳೆ ಬಿಟ್ಟರೆ ಸ್ನಾಯು ಕರಗಬಹುದು. ಕರಗಿದ್ದು ಕೂಡುವುದು ಆ ವಯಸ್ಸಿನಲ್ಲಿ ಕಷ್ಟ. ವ್ರತ ಬಿಡಿ ಎಂದು ನಾವು ಹೇಳುತ್ತಿಲ್ಲ. ಬೇಳೆ ಬಿಟ್ಟ ತಿಂಗಳು ಹಾಲು-ಮೊಸರು ಹೆಚ್ಚಿಸಬಹುದು, ಹಾಲು ಬಿಟ್ಟ ತಿಂಗಳು ಮೊಸರು ದಪ್ಪಗಿರಲಿ. ಉಳಿದ ದಿನಗಳಲ್ಲಿ ಜೋಳದ ರೊಟ್ಟಿ, ಮಡಕಿಕಾಳು, ಮೆಂತ್ಯೆ ಪಲ್ಯ, ಅಗಸಿ ಚಟ್ನಿ, ಗುರೆಳ್ಳ ಹಿಂಡಿ ಇರುವ ತಾಟಿಗೆ ಆಂಟಿ-ಆಕ್ಸಿಡೆಂಟ್ ಬೇರೆ ಕೊಳ್ಳಬೇಕಾಗಿಲ್ಲ.

ಡಿ ವಿಟಮಿನ್ ಬಗ್ಗೆ ಒಂದೇ ಎಚ್ಚರಿಕೆ. ವಾರಕ್ಕೊಂದೆಂದು ಬರೆದುಕೊಟ್ಟ 60,000 ಯೂನಿಟ್‌ನ ಪುಡಿಯನ್ನು ದಿನಾ ತೆಗೆದುಕೊಂಡರೆ ರಕ್ತದಲ್ಲಿ ಸುಣ್ಣ ಏರಿ ಮೂತ್ರಪಿಂಡ ಕೆಡುತ್ತದೆ. ಅರಿಷಿಣದ್ದೂ ಹಾಗೆಯೇ: ಒಗ್ಗರಣೆಯ ಚಿಟಿಕೆ ಬೇರೆ, ಕಾಳುಮೆಣಸಿನ ಸತ್ವ ಬೆರೆಸಿ ರಕ್ತಕ್ಕೆ ಹೆಚ್ಚು ಸೇರುವಂತೆ ಮಾಡಿದ ಕ್ಯಾಪ್ಸೂಲ್ ಬೇರೆ. ಅಂಥ ಕ್ಯಾಪ್ಸೂಲಿನಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿವೆ.

2016ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮಾಡಿದ ನಿಯಮದ ಪ್ರಕಾರ ಇಂಥ ಪೂರಕ ಗುಳಿಗಿಗಳು ಕಾನೂನಿನ ಕಣ್ಣಿಗೆ ಆಹಾರ. ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಮಾತು ಚೀಟಿಯ ಮೇಲೆ ಇರಲೇಬೇಕು. ಎಂಬತ್ತರ ಅಜ್ಜಿಗೆ ಓದಲು ಬರುವ ಕನ್ನಡದಲ್ಲಿ, ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಅದು ಇರಬೇಕೆಂದು ಒತ್ತಾಯಿಸುವುದು ರಾಜ್ಯ ಸರಕಾರದ ಕೆಲಸ. ಅದಕ್ಕಿಂತ ಬೇಗ ಆಗಬಹುದಾದದ್ದು ಊರಿನ ಮಟ್ಟದ್ದು. ಅರವತ್ತು ದಾಟಿದವರಿಗೆ, ಮುಖ್ಯವಾಗಿ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ, ಸರಕಾರದ ‘ನಮ್ಮ ಕ್ಲಿನಿಕ್’‌ಗಳಲ್ಲಿ ವರ್ಷಕ್ಕೊಮ್ಮೆ ಬಿ-12 ಪರೀಕ್ಷೆ ಉಚಿತವಾಗಿ ಆಗಲಿ. ಮಾಳಮಡ್ಡಿಯಲ್ಲಿ 1928ರಿಂದ ಹೆಣ್ಣುಮಕ್ಕಳಿಗಾಗಿ ದುಡಿಯುತ್ತ ಬಂದ ವನಿತಾ ಸೇವಾ ಸಮಾಜವಿದೆ, ಶಾಲೆಗಳಿವೆ, ಮಠಗಳಿವೆ. ಚಾತುರ್ಮಾಸ್ಯ ಶುರುವಾಗುವ ಆಷಾಢ ಏಕಾದಶಿಗೆ ಒಂದು ತಿಂಗಳು ಮೊದಲು ಇವರೆಲ್ಲ ಸೇರಿ ಒಂದು ಶಿಬಿರ ನಡೆಸಲಿ. ಬರುವವರು ಮನೆಯ ಗುಳಿಗಿ ಡಬ್ಬಿಯನ್ನು ಪೂರ್ತಿ ಹಿಡಿದುಕೊಂಡೇ ಬರಲಿ. ಯಾವುದು ಇರಬೇಕು, ಯಾವುದು ಬೇಡ ಎಂದು ಡಾಕ್ಟರು ಒಂದೊಂದಾಗಿ ತೆಗೆದು ನೋಡಿ ಹೇಳಲಿ.