ಕೂತವನು ಎಡವುತ್ತಾನಾ?

ಡ್ರಾಫ್ಟ್ ದಿನ ನಮ್ಮ ಗೆಳೆಯನೊಬ್ಬ ಶಾರ್ಟ್‌ಸ್ಟಾಪ್‌ಗಳ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿದ, ಫೀಲ್ಡಿಂಗ್ ಪರ್ಸೆಂಟೇಜ್ ಪ್ರಕಾರ ಸಾರ್ಟ್ ಮಾಡಿದ, ಮೇಲಿದ್ದವನನ್ನು ಎತ್ತಿಕೊಂಡ. ಎರಡು ನಿಮಿಷದ ಕೆಲಸ. ಕೇಳಿದ್ದಕ್ಕೆ, ‘ಎರರ್ ಕಮ್ಮಿ ಇದೆಯಲ್ಲ ಮಾರಾಯ, ಇನ್ನೇನು ನೋಡ್ಬೇಕು?’ ಅಂದ. ಏನು ನೋಡಬೇಕು ಅಂತ ಹೇಳೋದಕ್ಕೇ ಇದನ್ನು ಬರೀತಿದ್ದೀನಿ.

ನಾವೊಂದಿಷ್ಟು ಜನ ಕಂಪ್ಯೂಟರಿನಲ್ಲಿ ಅಮೆರಿಕದ ಮೊದಲ ವೃತ್ತಿಪರ ಬೇಸ್‌ಬಾಲ್ ಲೀಗನ್ನು ಮತ್ತೆ ಆಡಿಸುತ್ತೇವೆ. 1871ರಿಂದ 1875ರವರೆಗೆ ನಡೆದ ನ್ಯಾಷನಲ್ ಅಸೋಸಿಯೇಷನ್ ಅದು. ಆಟ ನಡೆಸೋದು ಸಿಮ್ಯುಲೇಟರ್. ಆದರೆ ಯಾವ ಆಟಗಾರನಿಗೆ ಎಷ್ಟು ರೇಟಿಂಗ್ ಅಂತ ತುಂಬೋರು ನಾವೇ. ಎಡವಟ್ಟಾಗೋದು ಅಲ್ಲೇ.

ಶಾರ್ಟ್‌ಸ್ಟಾಪ್ ನಿಲ್ಲೋದು ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ. ಬಲಗೈ ಬ್ಯಾಟರ್ ಎಳೆದು ಹೊಡೆದ ಚೆಂಡು ಹೆಚ್ಚಾಗಿ ನುಗ್ಗೋದು ಆ ಕಡೆಗೇ. 1871ರ ಮೈದಾನ ನೆನೆಸಿಕೊಳ್ಳಿ. ಪಿಚರ್ 45 ಅಡಿ ದೂರದಿಂದ ಕೈ ಕೆಳಗಿಟ್ಟೇ ಎಸೆಯಬೇಕು. ಚೆಂಡು ಮೇಲೆ ಬೇಕೋ ಕೆಳಗೆ ಬೇಕೋ ಅಂತ ಬ್ಯಾಟರ್ ಕೇಳಿ ಹಾಕಿಸಿಕೊಳ್ಳಬಹುದು. ಹಾಗಾಗಿ ಸ್ಟ್ರೈಕ್‌ಔಟ್ ಅಪರೂಪ, ಬಹುಪಾಲು ಚೆಂಡು ಮೈದಾನದೊಳಕ್ಕೇ ಬರುತ್ತೆ. ನೆಲ ಉಬ್ಬುತಗ್ಗು. ಫೀಲ್ಡರ್‌ಗಳ ಕೈಯಲ್ಲಿ ಗ್ಲೋವ್ ಇಲ್ಲ. ಗಟ್ಟಿ ಚೆಂಡನ್ನು ಬರಿಗೈಯಲ್ಲಿ ತಡೆಯೋ ಅಂಥ ಕಾಲದಲ್ಲಿ ಎರರ್ ಅನ್ನೋದು ದಿನನಿತ್ಯದ ವ್ಯವಹಾರ.

ಈಗ ಒಂದು ಕಾಲ್ಪನಿಕ ಲೆಕ್ಕ. ಇಬ್ಬರ ಕಡೆಗೂ ನೂರು ನೂರು ಚೆಂಡು ಬಂದವು ಅಂತಿಟ್ಟುಕೊಳ್ಳಿ. ಮೊದಲನೆಯವನು 60 ಚೆಂಡು ಮುಟ್ಟಿ 6 ಕೈಬಿಟ್ಟ. ಪರ್ಸೆಂಟೇಜ್ 0.900. ಎರಡನೆಯವನು ಓಡಿ, ಬಿದ್ದು, ಎದ್ದು 80 ಮುಟ್ಟಿದ, 12 ಕೈಬಿಟ್ಟ. ಅವನದು 0.850. ನನ್ನ ಗೆಳೆಯ ಕಣ್ಣುಮುಚ್ಚಿ ಮೊದಲನೆಯವನನ್ನು ಆರಿಸುತ್ತಾನೆ. ಆದರೆ ಔಟ್ ಎಣಿಸಿ ಸ್ವಾಮಿ! ಒಬ್ಬನದು 54, ಇನ್ನೊಬ್ಬನದು 68. ಎರಡರಷ್ಟು ಎರರ್ ಮಾಡಿದವನು ತಂಡಕ್ಕೆ 14 ಔಟ್ ಜಾಸ್ತಿ ತಂದುಕೊಟ್ಟಿದ್ದಾನೆ. ಮೊದಲನೆಯವನು ಮುಟ್ಟದೇ ಬಿಟ್ಟ 40 ಚೆಂಡು ‘ಹಿಟ್’ ಅಂತ ಪಿಚರ್ ತಲೆಗೆ ಹೋದವು, ಇವನ ಶರ್ಟ್ ಮಾತ್ರ ಬಿಳಿಯಾಗೇ ಉಳಿಯಿತು. ನಡೆಯೋನು ಎಡವುತ್ತಾನೆ, ಕೂತವನು ಎಡವುತ್ತಾನಾ?

‘ಕೆಟ್ಟ ಎಸೆತದಿಂದ ರನ್ನರ್‌ಗೆ ಇನ್ನೊಂದು ಬೇಸ್ ಪುಕ್ಕಟೆ ಸಿಗುತ್ತಲ್ಲ?’ ಅಂತೀರಿ. ಸಿಗುತ್ತೆ, ಒಪ್ಪಿದೆ. ಆ 12ರಲ್ಲಿ ಅರ್ಧ ಅಂಥವೇ ಅಂತಿಟ್ಟುಕೊಂಡರೂ 14 ಔಟ್‌ನ ಲಾಭ ಮುಳುಗೋದಿಲ್ಲ. ‘ಅವನ ಕಡೆಗೇ ಚೆಂಡು ಜಾಸ್ತಿ ಹೋಗಿರಬಹುದು’ ಅನ್ನೋ ತಕರಾರು ಮಾತ್ರ ತೂಕದ್ದು. ಅದಕ್ಕೂ ದಾರಿ ಇದೆ. ಒಂಬತ್ತು ಇನಿಂಗ್ಸ್ ಫೀಲ್ಡ್ ಮಾಡಿದ ತಂಡ ತೆಗೆಯೋದು 27 ಔಟ್. ಅದರಲ್ಲಿ ಶಾರ್ಟ್‌ಸ್ಟಾಪ್ ಕೈವಾಡ ಎಷ್ಟು ಅಂತ ನೋಡಿ, ಅದೇ ಪಿಚರ್ ಹಿಂದೆ ಆಡಿದ ಬೇರೆ ಶಾರ್ಟ್‌ಸ್ಟಾಪ್‌ಗಳ ಜೊತೆ ಹೋಲಿಸಿ. ಎರಡು ನಿಮಿಷದಲ್ಲಿ ಮುಗಿಯಲ್ಲ, ಅಷ್ಟೇ.

ಆ ಕಾಲದವರಿಗೆ ಇದು ಗೊತ್ತಿತ್ತು. 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡದಲ್ಲಿ ಅತಿ ಹೆಚ್ಚು ಸಂಬಳ, 1,400 ಡಾಲರ್, ಪಡೆದವನು ಶಾರ್ಟ್‌ಸ್ಟಾಪ್ ಜಾರ್ಜ್ ರೈಟ್. ನಾಯಕನಾಗಿದ್ದ ಅವನ ಅಣ್ಣ ಹ್ಯಾರಿಗೆ 1,200. ಇವರಪ್ಪ ವೃತ್ತಿಪರ ಕ್ರಿಕೆಟಿಗ. ಜಾರ್ಜ್ ತೋಳಿನ ಬಲ ನಂಬಿ ಉಳಿದವರಿಗಿಂತ ಹಿಂದೆ ನಿಲ್ಲುತ್ತಿದ್ದ, ಅದರಿಂದಲೇ ಹೆಚ್ಚು ಚೆಂಡು ಅವನಿಗೆ ದಕ್ಕುತ್ತಿದ್ದವು. ಸುಲಭದ ಕ್ಯಾಚನ್ನು ಬೇಕಂತಲೇ ಬಿಟ್ಟು, ಗಲಿಬಿಲಿಗೊಂಡ ರನ್ನರ್‌ಗಳಲ್ಲಿ ಇಬ್ಬರನ್ನು ಔಟ್ ಮಾಡೋ ಕಿಲಾಡಿ ಅವನು. ಇಂಥ ಚಾಲಾಕಿ ತಡೆಯೋಕೆ 1890ರ ದಶಕದಲ್ಲಿ ನಿಯಮವನ್ನೇ ತರಬೇಕಾಯಿತು.

ಇನ್ನು ಡಿಕಿ ಪಿಯರ್ಸ್. ಶಾರ್ಟ್‌ಸ್ಟಾಪ್ ಜಾಗಕ್ಕೆ ಇಂದಿನ ರೂಪ ಕೊಟ್ಟವರಲ್ಲಿ ಮುಖ್ಯನಾದವನು. ಲೀಗ್ ಶುರುವಾದಾಗ ಅವನಿಗೆ 35 ವರ್ಷ. ಬ್ರೂಕ್ಲಿನ್‌ನ ಅಟ್ಲಾಂಟಿಕ್ ತಂಡದಲ್ಲಿ ಅವನು ಮೆರೆದ ವರ್ಷಗಳು ನಮ್ಮ ಎಕ್ಸೆಲ್ ಹಾಳೆಯ ಮೊದಲ ಸಾಲಿಗಿಂತ ಹಿಂದಿನವು. ಹಾಳೆ ನಂಬಿದವನಿಗೆ ಕಾಣೋದು ವಯಸ್ಸಾದ ಪಿಯರ್ಸ್ ಮಾತ್ರ.

ಇಷ್ಟು ಸಿಟ್ಟು ಯಾಕೆ, ಇದೊಂದು ಗೇಮ್ ತಾನೇ? ಅಪ್ರೈಸಲ್ ಮೀಟಿಂಗ್‌ನಲ್ಲಿ ಕೂತು ಬಂದವರು ಹಾಗೆ ಕೇಳೋದಿಲ್ಲ. ಕಷ್ಟದ ಮಾಡ್ಯೂಲ್ ಮೈಮೇಲೆ ಹಾಕಿಕೊಂಡವನ ಹೆಸರಲ್ಲಿ ಹನ್ನೆರಡು ಬಗ್, ಅದರ ಹತ್ತಿರವೂ ಸುಳಿಯದವನ ಹೆಸರಲ್ಲಿ ಸೊನ್ನೆ. ಸೊನ್ನೆಯವನಿಗೆ ಒಳ್ಳೇ ರೇಟಿಂಗ್! ಅಲ್ಲಿ ರೇಟಿಂಗ್ ಕೊಡೋದು ಮ್ಯಾನೇಜರ್. ನಮ್ಮ ಲೀಗಿನಲ್ಲಿ ಕೊಡೋದು ನಾವು. ನಾವೂ ಅದನ್ನೇ ಮಾಡಿದರೆ ಸಿಮ್ಯುಲೇಟರ್ ಪಾಪ ಏನು ಮಾಡೀತು? ನಮ್ಮ ಸೋಮಾರಿತನಕ್ಕೇ ಮೂರು ದಶಮಾಂಶ ಸೇರಿಸಿ ವಾಪಸ್ ಕೊಡುತ್ತೆ.

ಮುಂದಿನ ಡ್ರಾಫ್ಟ್‌ಗೆ ಎರರ್ ಕಾಲಂ ಅಳಿಸಬೇಡ ಗೆಳೆಯಾ. ಅದಕ್ಕೂ ಮೊದಲು ಔಟ್ ಕಾಲಂ ನೋಡು, ಸಾಕು.